ರಕ್ತ ತೆಗೆದ ಮೇಲಿನ ಮೊದಲ ಒಂದು ಗಂಟೆ

ಅಲ್‌ಝೈಮರ್ ಸುಳಿವು ಹುಡುಕುವ ರಕ್ತ ಪರೀಕ್ಷೆ ನಮ್ಮ ಲ್ಯಾಬಿನಲ್ಲಿ ಶುರುವಾದಾಗ ನನಗೆ ಇದ್ದದ್ದು ಮೆಷಿನ್ ಚಿಂತೆ ಮಾತ್ರ. ಅಳೆಯಬೇಕಾದದ್ದು ಪಿಕೋಗ್ರಾಮ್ ಲೆಕ್ಕ. ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲು. ಆದರೆ ನಾವು ಎಡವಿದ್ದು ಮೆಷಿನ್ನಿಗೆ ಹೋಗುವ ಮುಂಚೆಯೇ.

ನಾವು ನೋಡುವುದು ಎರಡು ಪ್ರೋಟೀನ್: ಪಿ-ಟೌ217, ಅಮೈಲಾಯ್ಡ್ ಬೀಟಾ 42. ಅಲ್‌ಝೈಮರ್‌ನಲ್ಲಿ ಆಗುವ ಹಾಗೆ ಮಿದುಳಿನಲ್ಲಿ ಅಮೈಲಾಯ್ಡ್ ಗಂಟುಕಟ್ಟುತ್ತಾ ಹೋದಂತೆ ರಕ್ತದಲ್ಲಿ ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ರಿಪೋರ್ಟ್; ಅದು ಹೆಚ್ಚಿದ್ದರೆ ಪಾಸಿಟಿವ್. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಸಲ ಒಪ್ಪಿಗೆ ಕೊಟ್ಟದ್ದೂ ಇದೇ ಲೆಕ್ಕದ ಪರೀಕ್ಷೆಗೆ.

ಒಂದು ದಿನ ಪಾಸಿಟಿವ್ ಜಾಸ್ತಿ ಬಂದವು. ಅನುಮಾನದಿಂದ ಬಿಡಿ ಅಂಕಿಗಳನ್ನು ನೋಡಿದೆ. ಪಿ-ಟೌ ಸರಿಯಾಗಿಯೇ ಇತ್ತು. ಅಮೈಲಾಯ್ಡ್ ಮಾತ್ರ ಎಲ್ಲರದ್ದೂ ಕಡಿಮೆ. ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದವರೆಗೂ ಮೇಜಿನ ಮೇಲೆ ಸುಮ್ನೆ ಕೂತಿತ್ತು! ಪಿ-ಟೌ217 ಅಷ್ಟು ಹೊತ್ತು ತಾಳಿಕೊಳ್ಳುತ್ತದೆ, ಅಮೈಲಾಯ್ಡ್ ತಾಳುವುದಿಲ್ಲ. ಅದು ಇಳಿದರೆ ಭಾಗಲಬ್ಧ ಏರಲೇಬೇಕು, ಅಲ್ವಾ?

ಅಷ್ಟರಲ್ಲಿ ಒಂದು ರಿಪೋರ್ಟ್ ಹೋಗಿಬಿಟ್ಟಿತ್ತು. ಡಾಕ್ಟರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಮರುದಿನ ಮಗಳು ತಾಯಿಯನ್ನು ಮತ್ತೆ ಕರೆತಂದರು. "ಮೇಡಂ, ಹಾಗಾದ್ರೆ ಅಮ್ಮನಿಗೆ ಇಲ್ಲ ಅಂತಾನಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಸಲ ಬಂದ ಸಂಖ್ಯೆ ನಡುವಿನ ಪಟ್ಟಿಯಲ್ಲಿ ಬಿತ್ತು. ಇದೆ ಎನ್ನುವಂತೆಯೂ ಇಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಎಫ್‌ಡಿಎ ಪರಿಶೀಲಿಸಿದ 499 ಸ್ಯಾಂಪಲ್‌ಗಳಲ್ಲೂ ಶೇಕಡಾ 20ಕ್ಕಿಂತ ಸ್ವಲ್ಪ ಕಡಿಮೆ ಹೀಗೆಯೇ ನಡುವೆ ಉಳಿದಿದ್ದವು. ಅಂಥವರಿಗೆ ಮಿದುಳಿನ ಅಮೈಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿ ದ್ರವದ ಪರೀಕ್ಷೆ ಬೇಕೇ ಬೇಕು.

ಈಗ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರುವ, ನೇರಳೆ ಮುಚ್ಚಳದ ಟ್ಯೂಬಿನ ಮೇಲೆ ರಕ್ತ ತೆಗೆದ ಸಮಯ ಬರೆಯುತ್ತೇವೆ. ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್‌ಗೆ, ಅಂದರೆ ಗಿರಗಿರ ತಿರುಗಿಸಿ ರಕ್ತಕಣಗಳನ್ನು ಕೆಳಗಿಳಿಸುವ ಮೆಷಿನ್ನಿಗೆ, ಹಾಕುತ್ತೇವೆ. ಮೇಲೆ ನಿಂತ ತಿಳಿ ದ್ರವ, ಅಂದರೆ ಪ್ಲಾಸ್ಮಾವನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಟ್ಯೂಬುಗಳಿಗೆ ಹಂಚುತ್ತೇವೆ. ಗಾಜಾದರೆ ಅಮೈಲಾಯ್ಡ್ ಗೋಡೆಗೆ ಅಂಟಿಕೊಳ್ಳುತ್ತದೆ, ಮತ್ತೆ ಅದೇ ಸುಳ್ಳು ಪಾಸಿಟಿವ್. ಅದೇ ದಿನ ಪರೀಕ್ಷೆ ಆಗದಿದ್ದರೆ ಮೈನಸ್ 80 ಡಿಗ್ರಿಯಲ್ಲಿಡುತ್ತೇವೆ. ಕರಗಿಸುವುದು ಒಂದೇ ಸಲ.

ಫಾರಂನಲ್ಲಿ ಕಿಡ್ನಿ ತೊಂದರೆ ಇದೆಯೇ ಎಂದೂ ಕೇಳುತ್ತೇವೆ. ಕಿಡ್ನಿ ಸೋತವರಲ್ಲಿ ಮಿದುಳು ಚೆನ್ನಾಗಿದ್ದರೂ ಪಿ-ಟೌ ಏರಿರಬಹುದು. ಇದನ್ನು ಬಿಟ್ಟು ಬರೀ ಸಂಖ್ಯೆ ಕಳಿಸುವುದು ನನ್ನ ಪ್ರಕಾರ ತಪ್ಪು.

ಮರೆವೇ ಇಲ್ಲದವರು "ನನಗೂ ಒಂದು ಮಾಡಿ" ಎಂದು ಬರುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಲಕ್ಷಣ ಕಾಣುವ 15–20 ವರ್ಷ ಮೊದಲೇ ಅಮೈಲಾಯ್ಡ್ ಕಟ್ಟಲು ಶುರುವಾಗುತ್ತದೆ ನಿಜ. ಆದರೆ ಪಾಸಿಟಿವ್ ಬಂದವರಿಗೆಲ್ಲ ಮರೆವು ಬರುತ್ತದೆ ಎಂದೇನಿಲ್ಲ. ಒಪ್ಪಿಗೆ ಸಿಕ್ಕಿರುವುದೂ ಲಕ್ಷಣ ಇರುವ, 55 ವರ್ಷ ತುಂಬಿದವರಿಗೆ. ಹಾಗಾಗಿ ಮೊದಲು ನರರೋಗ ಡಾಕ್ಟರನ್ನು ನೋಡಿ ಎನ್ನುತ್ತೇನೆ.

ಸಮಯ ಬರೆಯದ ಟ್ಯೂಬ್ ಬಂದರೆ ಈಗ ವಾಪಸ್ ಕಳಿಸುತ್ತೇನೆ. ವಯಸ್ಸಾದವರಿಗೆ ಇನ್ನೊಂದು ಸಲ ಸೂಜಿ ಚುಚ್ಚಬೇಕಾಗುತ್ತದೆ. ಆ ನೋವಿಗೆ ಕ್ಷಮೆ ಕೇಳಿಯೇ ಕಳಿಸುತ್ತೇನೆ.