ಕಂಪೈಲರ್ ಬರೆದ ಸಾಲಿನಿಂದ ನಿಮ್ಮ ಸಾಲಿಗೆ ವಾಪಸ್ ಹೋಗುವುದು ಹೇಗೆ?

ಎರರ್ ಬಂದಿದೆ: ಸಾಲು 1, ಕಾಲಂ 48213. ಕಂಪೈಲರ್ (ನಿಮ್ಮ ಕೋಡನ್ನು ಬೇರೆ ರೂಪಕ್ಕೆ ಬದಲಿಸುವ ಟೂಲ್) ಬರೆದ ಫೈಲ್ ತೆರೆದರೆ ಇಡೀ ಪ್ರೋಗ್ರಾಂ ಒಂದೇ ಸಾಲಿನಲ್ಲಿದೆ. ನೀವು ಇಟ್ಟ ಹೆಸರುಗಳೆಲ್ಲ ಎ, ಬಿ, ಸಿ ಆಗಿಬಿಟ್ಟಿವೆ. ಸುಮ್ನೆ ಕಣ್ಣಲ್ಲೇ ಹುಡುಕುತ್ತಾ ಕೂರಬೇಡಿ. ಇದಕ್ಕೆಂದೇ ಸೋರ್ಸ್ ಮ್ಯಾಪ್ ಇದೆ: ಕಂಪೈಲ್ ಆದ ಕೋಡ್‌ನ ಯಾವ ಜಾಗ ನಿಮ್ಮ ಮೂಲ ಕೋಡ್‌ನ ಯಾವ ಸಾಲಿನಿಂದ ಬಂತು ಎಂದು ಹೇಳುವ ಫೈಲ್.

ಮೊದಲು ಅದನ್ನು ಆನ್ ಮಾಡಿ. ಜಾವಾಸ್ಕ್ರಿಪ್ಟ್ ಆಗಿ ಬದಲಾಗುವ ಟೈಪ್‌ಸ್ಕ್ರಿಪ್ಟ್ ಭಾಷೆ ಆದರೆ ಕಾನ್ಫಿಗ್ ಫೈಲ್‌ನಲ್ಲಿ ಸೋರ್ಸ್‌ಮ್ಯಾಪ್ ಎಂಬ ಆಯ್ಕೆಗೆ ‘ಟ್ರೂ’ ಎಂದು ಕೊಟ್ಟರೆ ಸಾಕು. ಬಿಲ್ಡ್ ಆದ ಮೇಲೆ ಜಾವಾಸ್ಕ್ರಿಪ್ಟ್ ಫೈಲ್ ಪಕ್ಕದಲ್ಲೇ ಒಂದು ಮ್ಯಾಪ್ ಫೈಲ್ ಬಂದಿರುತ್ತದೆ. ಅದು ಎಲ್ಲಿದೆ ಎಂದು ಜಾವಾಸ್ಕ್ರಿಪ್ಟ್ ಫೈಲ್‌ನ ಕೊನೆಯ ಕಾಮೆಂಟ್ ಹೇಳುತ್ತದೆ.

ಈಗ ಆ ಮ್ಯಾಪನ್ನು ಒಮ್ಮೆ ತೆರೆದು ನೋಡಿ. ಅದು ಬರೀ ಜೇಸನ್, ಅಂದರೆ ಹೆಸರು ಮತ್ತು ಬೆಲೆಗಳನ್ನು ಜೋಡಿಸಿಟ್ಟ ಸಾದಾ ಪಠ್ಯ. ‘ಸೋರ್ಸಸ್’ನಲ್ಲಿ ಮೂಲ ಫೈಲ್‌ಗಳ ಹೆಸರಿವೆ. ಜೀವ ಇರುವುದು ‘ಮ್ಯಾಪಿಂಗ್ಸ್’ ಎಂಬ ಉದ್ದನೆಯ ಅಕ್ಷರಸಾಲಿನಲ್ಲಿ. ಸೆಮಿಕೋಲನ್ ಬಂದರೆ ಕಂಪೈಲ್ ಆದ ಕೋಡ್‌ನಲ್ಲಿ ಹೊಸ ಸಾಲು, ಕಾಮಾ ಬಂದರೆ ಅದೇ ಸಾಲಿನ ಮುಂದಿನ ಜಾಗ. ಒಂದೊಂದು ಜಾಗಕ್ಕೂ ಸಾಮಾನ್ಯವಾಗಿ ನಾಲ್ಕು ಸಂಖ್ಯೆ: ಇಲ್ಲಿನ ಕಾಲಂ, ಯಾವ ಮೂಲ ಫೈಲ್, ಅದರ ಸಾಲು, ಅದರ ಕಾಲಂ. ಹಳೆಯ ಹೆಸರೂ ಬೇಕಿದ್ದರೆ ಐದನೆಯದು. ಪ್ರತಿ ಸಂಖ್ಯೆಯೂ ಅದೇ ಬಗೆಯ ಹಿಂದಿನ ಸಂಖ್ಯೆಗಿಂತ ಎಷ್ಟು ಹೆಚ್ಚು ಕಡಿಮೆ ಎಂಬ ವ್ಯತ್ಯಾಸ ಮಾತ್ರ. ಹಾಗಾಗಿ ಹೆಚ್ಚಿನವು ಚಿಕ್ಕವು, ಒಂದೆರಡು ಅಕ್ಷರದಲ್ಲಿ ಮುಗಿಯುತ್ತವೆ. ದೊಡ್ಡಕ್ಷರದ ಎ ಅಂದರೆ 0, ಸಿ ಅಂದರೆ 1, ಡಿ ಅಂದರೆ -1. ಎಷ್ಟು ಅಚ್ಚುಕಟ್ಟು ಅಲ್ವಾ? ಹೊಸ ಸಾಲು ಬಂದಾಗ ಇಲ್ಲಿನ ಕಾಲಂ ಮತ್ತೆ 0ಯಿಂದ ಶುರು, ಉಳಿದ ಲೆಕ್ಕ ಹಾಗೇ ಮುಂದುವರಿಯುತ್ತದೆ. ಮ್ಯಾಪ್ ಒಳಗೆ ಸಾಲುಗಳ ಎಣಿಕೆಯೂ 0ಯಿಂದಲೇ. ಸ್ವಂತವಾಗಿ ಓದಲು ಹೊರಟರೆ ಈ ಎರಡನ್ನು ಮರೆಯಬೇಡಿ.

ಕೋಡ್ ಬೇರೆ ಬೇರೆ ಟೂಲ್ ದಾಟಿ ಬರುತ್ತಿದ್ದರೆ ಪ್ರತಿಯೊಂದೂ ಹಿಂದಿನದರ ಮ್ಯಾಪ್ ಓದಿ ತನ್ನದರ ಜೊತೆ ಜೋಡಿಸಬೇಕು. ಒಂದು ಬಿಟ್ಟರೂ ನಡುವಿನ ಕೋಡ್‌ಗೆ ಬಂದು ನಿಲ್ಲುತ್ತೀರಿ. ಬೇಕೆಂದೇ ಒಂದು ಎರರ್ ಹಾಕಿ ಪರೀಕ್ಷಿಸಿ. ನೋಡ್‌ನಲ್ಲಿ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಓಡಿಸುವಾಗ ‘ಎನೇಬಲ್ ಸೋರ್ಸ್ ಮ್ಯಾಪ್ಸ್’ ಫ್ಲ್ಯಾಗ್ ಕೊಡಬೇಕು.

ಸಿ ಭಾಷೆಗೆ ಈ ಕೆಲಸವನ್ನು ಡ್ವಾರ್ಫ್ ಎಂಬ ಡೀಬಗ್ ಮಾಹಿತಿಯ ಮಾದರಿ ಮಾಡುತ್ತದೆ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ‘ಮೈನಸ್ ಜಿ’ ಕೊಟ್ಟು ಕಂಪೈಲ್ ಮಾಡಿದರೆ ಆಯಿತು.

ಬಿಡುಗಡೆಯ ಹೊತ್ತಿಗೆ ಜಾಸ್ತಿ ಎಚ್ಚರ ಬೇಕು. ಮ್ಯಾಪ್‌ನಲ್ಲಿ ನಿಮ್ಮ ಪೂರ್ತಿ ಮೂಲ ಕೋಡ್ ಇರಬಹುದು. ಮುಚ್ಚಿಡಬೇಕಾದ ಕೋಡ್ ಆದರೆ ಅದನ್ನು ಎಲ್ಲರಿಗೂ ಸಿಗುವ ಸರ್ವರ್‌ಗೆ ಹಾಕಬೇಡಿ. ಹಾಗಂತ ಅಳಿಸಲೂ ಬೇಡಿ. ಆ ಬಿಲ್ಡ್‌ನ ನಂಬರ್ ಹಾಕಿ ನಿಮ್ಮಲ್ಲೇ ಎತ್ತಿಡಿ. ಹಳೆಯ ಎರರ್‌ಗೆ ಹೊಸ ಬಿಲ್ಡ್‌ನ ಮ್ಯಾಪ್ ಹಿಡಿದರೆ ಅದು ಯಾವುದೋ ತಪ್ಪು ಸಾಲನ್ನು ತೋರಿಸುತ್ತದೆ, ಅದೂ ನೀವು ನಂಬುವ ಹಾಗೆ.