ಆರಿಸಿಟ್ಟ ಅಲಾರಂ

ಮನೆಯ ಈಜುಕೊಳಕ್ಕೆ ಮೊದಲು ಮೂರೇ ಕಡೆ ಬೇಲಿ ಹಾಕಿಸಿದ್ದೆವು. ನಾಲ್ಕನೇ ಕಡೆ ಮನೆಯ ಗೋಡೆಯೇ ಇದೆಯಲ್ಲ ಅಂತ ಬಿಟ್ಟೆವು. ಆದರೆ ಆ ಗೋಡೆಯಲ್ಲಿ ಹಿತ್ತಿಲ ಬಾಗಿಲಿತ್ತು. ಮಗಳಿಗೆ ಆಗ ಎರಡೂವರೆ ವರ್ಷ. ಒಂದು ಮಧ್ಯಾಹ್ನ ಕುರ್ಚಿ ಎಳೆದು ತಂದು ಚಿಲಕ ತೆಗೆದಿದ್ದಾಳೆ. ಪಕ್ಕದ ಕೋಣೆಯಲ್ಲೇ ಇದ್ದ ನನಗೆ ಏನೂ ಕೇಳಿಸಲಿಲ್ಲ. ಹೋಗಿ ನೋಡಿದರೆ ಕೊಳದ ಅಂಚಿನಲ್ಲಿ ಕೂತು, ತೇಲುತ್ತಿದ್ದ ಚೆಂಡಿಗೆ ಕೈ ಚಾಚುತ್ತಿದ್ದಳು. ಚೆಂಡು ಅಲ್ಲಿ ಬಿಟ್ಟಿದ್ದು ನಾನೇ.

ಅಲಾರಂ ಇರಲಿಲ್ವಾ? ಇತ್ತು. ನೀರಿನ ಮೇಲೆ ತೇಲುವ ಬಗೆಯದ್ದು. ಗಾಳಿ ಬೀಸಿದರೂ ಕಿರುಚುತ್ತದೆ ಅಂತ ಸ್ವಿಚ್ ಆರಿಸಿಟ್ಟಿದ್ದೆವು.

ಮರುದಿನವೇ 8 ಲೀಟರ್ ನೀರು ತುಂಬಿದ ಕ್ಯಾನ್ ಹಿಡಿದು ಅದನ್ನು ಪರೀಕ್ಷಿಸಿದೆ. ದೊಪ್ಪನೆ ಹಾಕಿದರೆ ಕೂಗಿತು. ಮೆಟ್ಟಿಲ ಪಕ್ಕ ಮೆಲ್ಲಗೆ ಇಳಿಸಿದರೆ ತೆಪ್ಪಗಿತ್ತು. ಮಕ್ಕಳು ಎಷ್ಟೋ ಸಲ ಧುಮುಕುವುದಿಲ್ಲ, ಮೆಟ್ಟಿಲಲ್ಲಿ ಸುಮ್ನೆ ಇಳಿದುಬಿಡುತ್ತಾರೆ. ಕೊನೆಗೆ ನೀರಿನೊಳಗಿನ ಅಲೆಯನ್ನು ಗುರುತಿಸುವ, ಅಂಚಿಗೆ ಕೂರಿಸುವ ಅಲಾರಂ ತಂದೆ. ಗಾಳಿಗೆ ಸುಳ್ಳು ಕೂಗು ಕಡಿಮೆ. ಆದರೂ ಕ್ಯಾನ್ ಬಿದ್ದು ಏಳೆಂಟು ಸೆಕೆಂಡ್ ಆದ ಮೇಲೇ ಸದ್ದು. ಅಂದರೆ ಅದು ಕೂಗುವಾಗ ಮಗು ಆಗಲೇ ನೀರಿನಲ್ಲಿರುತ್ತದೆ. ಹಾಗಾಗಿ ಹಿತ್ತಿಲ ಬಾಗಿಲಿಗೂ ಗೇಟಿಗೂ ಬೇರೆ ಅಲಾರಂ ಹಾಕಿದೆ. ಮಗು ನೀರು ಮುಟ್ಟುವ ಮೊದಲೇ ಕೂಗುವುದು ಇವೇ.

ದುಡ್ಡು ಜಾಸ್ತಿ ಹೋಗಿದ್ದು ನಾಲ್ಕನೇ ಕಡೆಯ ಬೇಲಿಗೆ. ಅದಕ್ಕೆ ಬೇಜಾರಿಲ್ಲ. ಎತ್ತರ ನಾಲ್ಕು ಅಡಿಗೆ ಕಡಿಮೆ ಇರಬಾರದು, ಸರಳುಗಳ ನಡುವೆ 10 ಸೆಂಟಿಮೀಟರ್‌ಗಿಂತ ಹೆಚ್ಚು ಜಾಗ ಇರಬಾರದು. ಗೇಟು ಕೊಳದ ಕಡೆಗಲ್ಲ, ಹೊರಗೆ ತೆರೆಯಬೇಕು. ಆಗ ಹೊರಗಿಂದ ಮಗು ಒರಗಿದರೂ ಮುಚ್ಚಿಕೊಳ್ಳುತ್ತದೆಯೇ ಹೊರತು ತೆರೆಯುವುದಿಲ್ಲ. ಚಿಲಕ ನೆಲದಿಂದ 137 ಸೆಂಟಿಮೀಟರ್ ಮೇಲೆ. ಗೇಟು ತಾನಾಗಿ ಮುಚ್ಚಿಕೊಳ್ಳಲು ಸ್ಪ್ರಿಂಗ್ ಇರುತ್ತದೆ. ಪೂರ್ತಿ ತೆರೆದು ಬಿಟ್ಟರೆ ಎಂಥ ಸ್ಪ್ರಿಂಗೂ ಕೆಲಸ ಮಾಡುತ್ತದೆ. ಒಂದು ಗೇಣು ಮಾತ್ರ ತೆರೆದು ಬಿಟ್ಟು ನೋಡಿ. ನಮ್ಮದು ಚಿಲಕದ ಹತ್ತಿರ ಬಂದು ನಿಂತೇಬಿಟ್ಟಿತು. ಸ್ಪ್ರಿಂಗ್ ಬಿಗಿ ಮಾಡಿಸಿದೆ. ಬೇಲಿಗೆ ಒರಗಿಸಿದ್ದ ಹೂಕುಂಡಗಳನ್ನೂ ದೂರ ಸರಿಸಿದೆ. ಅವು ಮಕ್ಕಳಿಗೆ ಏಣಿ ಇದ್ದ ಹಾಗೆ.

ನಿಯಮಗಳು ಜಾಸ್ತಿ ಇಲ್ಲ. ಮಕ್ಕಳು ನೀರಿನಲ್ಲಿದ್ದಾಗ ಕಾವಲು ಒಬ್ಬರದ್ದೇ, ಹದಿನೈದು ನಿಮಿಷಕ್ಕೆ ಪಾಳಿ ಬದಲು. ಕಾವಲಿನವರ ತಲೆಗೆ ಕೆಂಪು ಟೋಪಿ, ಕೈಯಲ್ಲಿ ಫೋನ್ ಇಲ್ಲ. ನೆಂಟರು ನಗುತ್ತಾರೆ, ನಗಲಿ. ಹತ್ತು ಜನ ಸೇರಿದಾಗಲೇ ಯಾರೋ ನೋಡುತ್ತಿರುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುವುದು. ಮುಳುಗುವ ಮಗು ಕೂಗುವುದೂ ಇಲ್ಲ. ಕೈಗೆ ಕಟ್ಟುವ ಗಾಳಿ ತುಂಬಿದ ತೋಳುಪಟ್ಟಿ ಆಟಿಕೆ ಅಷ್ಟೆ. ಮಗು ಕಾಣದಿದ್ದರೆ ಮೊದಲು ಕೊಳ ನೋಡಬೇಕು, ಆಮೇಲೆ ಮಂಚದ ಕೆಳಗೆ. ಉಸಿರು ಕೊಡುವುದನ್ನು ನಾನೂ ಹೆಂಡತಿಯೂ ತರಬೇತಿಯಲ್ಲೇ ಕಲಿತೆವು. ಮುಳುಗಿದವರಿಗೆ ಬೇಕಾಗಿರುವುದು ಉಸಿರು, ಬರೀ ಎದೆ ಒತ್ತಿದರೆ ಸಾಲದು.

ಈಜು ಮುಗಿದ ಮೇಲೆ ಅಲಾರಂ ಮತ್ತೆ ಹಾಕುವುದನ್ನು ಆಮೇಲೂ ಎರಡು ಸಲ ಮರೆತೆ. ಈಗ ಗೇಟಿನ ಬೀಗದ ಕೈ ಅಲಾರಂ ಸ್ವಿಚ್ಚಿನ ಪಕ್ಕದ ಮೊಳೆಯಲ್ಲೇ ತೂಗುತ್ತದೆ.

ಮಗಳಿಗೆ ಈಗ ಆರು. ಈಜು ಬರುತ್ತದೆ. ತುದಿಗಾಲಲ್ಲಿ ನಿಂತರೆ ಚಿಲಕವೂ ಸಿಗುತ್ತದೆ ಅಂತ ಹೋದ ವಾರ ಗೇಟಿನ ಅಲಾರಂ ಕೂಗಿದಾಗ ಗೊತ್ತಾಯಿತು.