ದೂರದ ಸರ್ವರ್ ತಾನಾಗಿ ಒಳಬಿಡದಿದ್ದಾಗ

ಶಿವಮೊಗ್ಗದ ಮುಖ್ಯ ಕಚೇರಿಯಲ್ಲಿ ಒಂದು ಟರ್ಮಿನಲ್ ಸರ್ವರ್ (ದೂರದಲ್ಲಿರುವವರು ತಮ್ಮ ಪರದೆಯಲ್ಲೇ ತೆರೆದು ಕೆಲಸ ಮಾಡುವ ಕಂಪ್ಯೂಟರ್), ತೀರ್ಥಹಳ್ಳಿ, ಸಾಗರ, ಹೊಸನಗರದ ಶಾಖೆಗಳಲ್ಲಿ ಅದನ್ನು ಬಳಸುವ ನಾಲ್ಕೈದು ಕಂಪ್ಯೂಟರ್. ಅಡಿಕೆ ಮಂಡಿಯಂಥ ವ್ಯವಹಾರಗಳ ಲೆಕ್ಕಪತ್ರ ಹೀಗೆ ನಡೆಯುವುದುಂಟು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಐಕಾನ್ ಒತ್ತಿದೊಡನೆ, ಉಳಿಸಿಟ್ಟ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಸರ್ವರಿಗೆ ತಲುಪಿ ಕೆಲಸದ ಪರದೆ ತೆರೆದುಕೊಳ್ಳಬೇಕು. ಒಂದು ಬೆಳಿಗ್ಗೆ ಅದು ತೆರೆಯದೆ ಪಾಸ್‌ವರ್ಡ್ ಕೇಳತೊಡಗಿದರೆ, ಚೀಲ ಇಳಿಸಿ ಕಾಯುತ್ತಿರುವ ಬೆಳೆಗಾರರ ಎದುರು ಗಾಬರಿಯಾಗಿ ಪಾಸ್‌ವರ್ಡನ್ನೇ ಬದಲಾಯಿಸಲು ಹೊರಡುವವರು ಬಹಳ. ಅದನ್ನು ಮಾತ್ರ ಮಾಡಬೇಡಿ. ಅದೇ ಖಾತೆಯನ್ನು ಬೇರೆ ಶಾಖೆಯವರೂ ಬಳಸುತ್ತಿದ್ದರೆ (ಬಳಸಬಾರದು, ಆದರೆ ಬಳಸುತ್ತಾರೆ) ಅವರ ಕೆಲಸವೂ ನಿಲ್ಲುತ್ತದೆ.

ಮೊದಲು ಗಮನಿಸಬೇಕಾದದ್ದು, ಪಾಸ್‌ವರ್ಡ್ ಕೇಳುತ್ತಿರುವುದು ಯಾವ ಯಂತ್ರ ಎಂಬುದನ್ನು. ಸರ್ವರಿನ ಪರದೆ ಕಾಣುವ ಮುನ್ನವೇ ನಿಮ್ಮ ಕಂಪ್ಯೂಟರಿನ ಚಿಕ್ಕ ಚೌಕ ಕೇಳಿದರೆ, ದೋಷ ಹೆಚ್ಚಾಗಿ ನಿಮ್ಮ ಕಡೆಯದು ಅಥವಾ ಖಾತೆಯದು. ಸರ್ವರಿನ ಲಾಗಿನ್ ಪರದೆ ಪೂರ್ತಿ ಮೂಡಿದ ಮೇಲೆ ಕೇಳಿದರೆ ಅದು ಸರ್ವರಿನ ನಿಯಮ. ಏನನ್ನೂ ಕೇಳದೆ ಸಂಪರ್ಕವೇ ಸಿಗುತ್ತಿಲ್ಲವೆಂದರೆ ಅದು ಲಾಗಿನ್‌ನ ವಿಷಯವಲ್ಲ. ಮಳೆಗಾಳಿಗೆ ಇಂಟರ್‌ನೆಟ್ ಲೈನ್ ಹೋಗಿದೆಯೇ, ವಿಪಿಎನ್ (ಇಂಟರ್‌ನೆಟ್ ಮೂಲಕ ಕಚೇರಿಗೆ ಹೋಗುವ ಸುರಕ್ಷಿತ ದಾರಿ) ನಡೆಯುತ್ತಿದೆಯೇ, ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ ತೆರೆದಿದೆಯೇ ನೋಡಿ.

ಎರಡನೆಯದಾಗಿ, ಪಾಸ್‌ವರ್ಡನ್ನು ಒಮ್ಮೆ ಕೈಯಿಂದ ಟೈಪ್ ಮಾಡಿ. ಒಳಗೆ ಬಿಟ್ಟರೆ ಖಾತೆ ಸರಿಯಾಗಿದೆ, ಉಳಿಸಿಟ್ಟ ಪಾಸ್‌ವರ್ಡ್ ಮಾತ್ರ ತಲುಪುತ್ತಿಲ್ಲ ಎಂದರ್ಥ.

ಹಾಗಿದ್ದಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್ ವಿಭಾಗದಲ್ಲಿ ‘ಟರ್ಮ್‌ಎಸ್‌ಆರ್‌ವಿ’ (TERMSRV) ಎಂದು ಆರಂಭವಾಗುವ ನಮೂದನ್ನು ಹುಡುಕಿ. ಅದರ ಮುಂದೆ ಸರ್ವರಿನ ಹೆಸರಿರುತ್ತದೆ, ಮತ್ತು ಪಾಸ್‌ವರ್ಡ್ ಉಳಿದಿರುವುದು ಆ ಒಂದು ಹೆಸರಿಗೆ ಮಾತ್ರ. ಐಪಿ ವಿಳಾಸದಿಂದ ಸಂಪರ್ಕಿಸುತ್ತಿದ್ದ ಐಕಾನಿಗೆ ಯಾರಾದರೂ ಸರ್ವರಿನ ಹೆಸರು ಹಾಕಿದ್ದರೆ, ಯಂತ್ರ ಅದೇ ಆದರೂ ಹಳೆಯ ನಮೂದು ಕೆಲಸಕ್ಕೆ ಬರುವುದಿಲ್ಲ. ಅದನ್ನು ಅಳಿಸಿ, ಹೊಸದಾಗಿ ಸಂಪರ್ಕಿಸಿ, ನೆನಪಿಟ್ಟುಕೊಳ್ಳುವ ಆಯ್ಕೆಗೆ ಗುರುತು ಹಾಕಿ. ಬಳಕೆದಾರರ ಹೆಸರಿನ ಹಿಂದೆ ಡೊಮೇನ್ (ಕಚೇರಿಯ ಕಂಪ್ಯೂಟರ್‌ಗಳನ್ನೂ ಖಾತೆಗಳನ್ನೂ ಒಂದೆಡೆಯಿಂದ ನಿರ್ವಹಿಸುವ ವ್ಯವಸ್ಥೆ) ಅಥವಾ ಸರ್ವರಿನ ಹೆಸರನ್ನೂ ಸೇರಿಸಿ ಬರೆಯುವುದು ಕ್ಷೇಮ. ಇಲ್ಲವಾದರೆ ಶಾಖೆಯ ಕಂಪ್ಯೂಟರ್ ತನ್ನದೇ ಹೆಸರನ್ನು ಅಂಟಿಸಿ ಕಳುಹಿಸಬಹುದು. ಪ್ರತಿ ಸಲವೂ ವಿವರ ಕೇಳು ಎಂಬ ಗುರುತು ಐಕಾನಿನ ಸೆಟ್ಟಿಂಗ್‌ನಲ್ಲಿ ಉಳಿದಿದ್ದರೆ ಅದನ್ನೂ ತೆಗೆಯಿರಿ.

ಇಷ್ಟಾದರೂ ಆಗದಿದ್ದರೆ ಗಡಿಯಾರ ನೋಡಿ. ಡೊಮೇನ್‌ಗೆ ಸೇರಿದ ಕಂಪ್ಯೂಟರ್‌ಗಳು ಪರಸ್ಪರ ಗುರುತು ಹಿಡಿಯಲು ಬಳಸುವ ಕರ್ಬೆರೋಸ್ ಪದ್ಧತಿ, ಸಾಮಾನ್ಯವಾಗಿ, ಎರಡು ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ. ಸರ್ವರಿನ ಗುರುತು ಖಚಿತವಾಗದಿದ್ದರೆ, ಡೊಮೇನ್‌ಗೆ ಸೇರಿದ ಕಂಪ್ಯೂಟರ್ ಉಳಿಸಿಟ್ಟ ಪಾಸ್‌ವರ್ಡನ್ನು ಕಳುಹಿಸುವುದೂ ಇಲ್ಲ. ನಾನು ನೋಡಿಕೊಳ್ಳುವ ಒಂದು ಶಾಖೆಯಲ್ಲಿ ಮಳೆಗಾಲದುದ್ದಕ್ಕೂ, ಕರೆಂಟ್ ಹೋಗಿ ಬಂದ ಮರುದಿನವೇ ಈ ತೊಂದರೆ ಕಾಣಿಸಿಕೊಳ್ಳುತ್ತಿತ್ತು. ಸೆಟ್ಟಿಂಗ್‌ಗಳನ್ನೆಲ್ಲ ತಿದ್ದಿ ಸೋತ ಮೇಲೆ ಪರದೆಯ ಮೂಲೆಯ ದಿನಾಂಕ ಕಣ್ಣಿಗೆ ಬಿತ್ತು. ಅದು ವರ್ಷಗಳಷ್ಟು ಹಿಂದಿತ್ತು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡಿನ 3 ವೋಲ್ಟ್‌ನ ಬಿಲ್ಲೆಯಾಕಾರದ ಬ್ಯಾಟರಿ, ಸಿಆರ್2032, ಸತ್ತುಹೋಗಿತ್ತು.

ಇನ್ನೊಂದು ಕಾರಣ ಈಚಿನದು. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ, ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಪ್ರತಿಗಳಿರುವ ಅರ್ಹ ಯಂತ್ರಗಳಲ್ಲಿ ಕ್ರೆಡೆನ್ಶಿಯಲ್ ಗಾರ್ಡ್ ಎಂಬ ರಕ್ಷಣೆ ತಾನಾಗಿ ಚಾಲೂ ಆಗುತ್ತದೆ. ಅದಿರುವಲ್ಲಿ ರಿಮೋಟ್ ಡೆಸ್ಕ್‌ಟಾಪ್ ಉಳಿಸಿಟ್ಟ ವಿಂಡೋಸ್ ಪಾಸ್‌ವರ್ಡ್ ದೂರದ ಯಂತ್ರಕ್ಕೆ ಹೋಗುವುದಿಲ್ಲ. ಇದನ್ನು ಆರಿಸುವುದಕ್ಕಿಂತ ಕೈಯಿಂದ ಟೈಪ್ ಮಾಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಸರ್ವರ್ ಕಡೆ ನೋಡಬೇಕಾದದ್ದು ಗ್ರೂಪ್ ಪಾಲಿಸಿಯನ್ನು, ಅಂದರೆ ವಿಂಡೋಸ್ ಹೇಗೆ ನಡೆದುಕೊಳ್ಳಬೇಕೆಂದು ನಿಗದಿಪಡಿಸುವ ನಿಯಮಗಳ ಪಟ್ಟಿಯನ್ನು. ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ಸೆಷನ್ ಹೋಸ್ಟ್, ಸೆಕ್ಯುರಿಟಿ ಎಂಬ ದಾರಿಯಲ್ಲಿ ಹೋದರೆ, ಸಂಪರ್ಕಿಸಿದಾಗಲೆಲ್ಲ ಪಾಸ್‌ವರ್ಡ್ ಕೇಳಬೇಕೆಂಬ ನಿಯಮ ಸಿಗುತ್ತದೆ. ಅದು ಚಾಲೂ ಇದ್ದರೆ, ಶಾಖೆಯವರು ಏನು ಉಳಿಸಿಟ್ಟಿದ್ದರೂ ಸರ್ವರ್ ಮತ್ತೆ ಕೇಳುತ್ತದೆ. ಯಾರೋ ಭದ್ರತೆಗೆಂದೇ ಹಾಕಿರಬಹುದಾದ್ದರಿಂದ ವಿಚಾರಿಸದೆ ತೆಗೆಯಬೇಡಿ. ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕೋಶ) ವಿನ್‌ಲಾಗಾನ್ ವಿಭಾಗದಲ್ಲಿ ಆಟೋ ಲಾಗಿನ್ ಹಾಕಿದರೆ ಸರಿಹೋಗುತ್ತದೆಂದು ಸಲಹೆ ಕೊಡುವವರಿದ್ದಾರೆ; ಅದು ಸರ್ವರ್ ಯಂತ್ರದ ಎದುರು ಕೂತವರಿಗೆ ಸಂಬಂಧಿಸಿದ್ದು, ದೂರದಿಂದ ಬರುವವರಿಗಲ್ಲ. ಸಾಲದ್ದಕ್ಕೆ, ಅಲ್ಲಿ ಕೈಯಾರೆ ಬರೆದ ಪಾಸ್‌ವರ್ಡ್ ಓದುವಂತೆಯೇ ಉಳಿಯುತ್ತದೆ.

ಕೈಯಿಂದ ಟೈಪ್ ಮಾಡಿದರೂ ಒಳಬಿಡದಿದ್ದರೆ, ಸರ್ವರಿನ ಇವೆಂಟ್ ವ್ಯೂವರ್‌ನ ಸೆಕ್ಯುರಿಟಿ ದಾಖಲೆಯಲ್ಲಿ 4625 ಸಂಖ್ಯೆಯ ನಮೂದನ್ನು ತೆರೆದು, ಸಬ್ ಸ್ಟೇಟಸ್ ಸಂಕೇತದ ಕೊನೆಯನ್ನು ಓದಿ. 64 ಎಂದಿದ್ದರೆ ಆ ಹೆಸರಿನ ಖಾತೆಯೇ ಇಲ್ಲ. 6ಎ ಎಂದಿದ್ದರೆ ಪಾಸ್‌ವರ್ಡ್ ತಪ್ಪು. 71 ಎಂದಿದ್ದರೆ ಅದರ ಅವಧಿ ಮುಗಿದಿದೆ. 234 ಎಂದಿದ್ದರೆ ಖಾತೆಗೆ ಬೀಗ ಬಿದ್ದಿದೆ. ಬೀಗ ಬಿದ್ದಿದ್ದರೆ, ತೆಗೆಯುವ ಮುನ್ನ, ಹಳೆಯ ಪಾಸ್‌ವರ್ಡ್ ಉಳಿದುಕೊಂಡಿರುವ ಕಂಪ್ಯೂಟರ್ ಯಾವುದೆಂದು ಅದೇ ನಮೂದಿನ ಯಂತ್ರದ ಹೆಸರು ಅಥವಾ ಐಪಿ ವಿಳಾಸದಿಂದ ಪತ್ತೆಹಚ್ಚಿ. ಇಲ್ಲವಾದರೆ ಅದು ಹಳೆಯದನ್ನೇ ಮತ್ತೆ ಮತ್ತೆ ಕಳುಹಿಸಿ ಪುನಃ ಬೀಗ ಬೀಳಿಸುತ್ತದೆ.

ಎಲ್ಲ ಸರಿಪಡಿಸಿದ ಮೇಲೆ, ವಿಂಡೋ ಮುಚ್ಚದೆ ಸೈನ್ ಔಟ್ ಮಾಡಿ, ಶಾಖೆಯ ಕಂಪ್ಯೂಟರನ್ನು ಪೂರ್ತಿ ಆರಿಸಿ, ಮತ್ತೆ ಹೊತ್ತಿಸಿ, ಅದೇ ಐಕಾನಿನಿಂದ ಒಮ್ಮೆ ಪರೀಕ್ಷಿಸಿ.